ಪೀಟರ್ ಸೇಲಮ್‌ಗೆ ತಡವಾಗಿ ನೆಟ್ಟ ಕಲ್ಲು

ಮಕ್ಕಳೇ, ಅಮೆರಿಕದ ಸ್ವಾತಂತ್ರ್ಯ ಯುದ್ಧ ಎಂದರೆ ನಿಮಗೆ ಜಾರ್ಜ್ ವಾಷಿಂಗ್ಟನ್ ನೆನಪಾಗುತ್ತಾರೆ. ಪೀಟರ್ ಸೇಲಮ್ ಹೆಸರು ಕೇಳಿರಲಾರಿರಿ. ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಗುಲಾಮನಾಗಿ ಹುಟ್ಟಿ, ಒಬ್ಬ ಒಡೆಯನಿಂದ ಇನ್ನೊಬ್ಬನಿಗೆ ಮಾರಾಟವಾಗಿದ್ದ ಅವನಿಗೆ ಬಿಡುಗಡೆ ಸಿಕ್ಕಿದ್ದು ಸೈನ್ಯ ಸೇರುವುದಕ್ಕಾಗಿ. 1775ರ ಏಪ್ರಿಲ್ 19ರಂದು ಕಾಂಕರ್ಡ್‌ನಲ್ಲಿ, ಜೂನ್ 17ರಂದು ಬಂಕರ್ ಹಿಲ್‌ನಲ್ಲಿ, ಮುಂದೆ ಸಾರಟೋಗದಲ್ಲಿ ಕಾದಾಡಿದ. ಯುದ್ಧ ಮುಗಿದ ಮೇಲೆ ಲೆಸ್ಟರ್ ಊರಿನ ಹತ್ತಿರ ಗುಡಿಸಲು ಹಾಕಿಕೊಂಡು, ಕುರ್ಚಿಗಳಿಗೆ ಬೆತ್ತ ಹೆಣೆದು ಹೊಟ್ಟೆ ಹೊರೆದ. 1816ರ ಆಗಸ್ಟ್ 16ರಂದು ಬಡವರ ಆಶ್ರಯಮನೆಯಲ್ಲಿ ತೀರಿಕೊಂಡ. ಬಡತನದಲ್ಲಿದ್ದ ಹಳೆಯ ಸೈನಿಕರಿಗೆ ಪಿಂಚಣಿ ಕೊಡುವ ಕಾನೂನು ಬಂದದ್ದು 1818ರಲ್ಲಿ. ಫ್ರೇಮಿಂಗ್‌ಹ್ಯಾಮ್ ಊರಿನವರು ಅವನ ಸಮಾಧಿಗೆ ಕಲ್ಲು ನಿಲ್ಲಿಸಿದ್ದು 1882ರಲ್ಲಿ.

ಇದ್ದಾಗ ಕೈಹಿಡಿಯದೆ, ಸತ್ತು 66 ವರ್ಷಕ್ಕೆ ಕಲ್ಲು ನೆಟ್ಟರೇನು ಬಂತು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಮಾತೇ. ಆದರೆ ಆ ದೂರು ಸಲ್ಲಬೇಕಾದದ್ದು ಅಷ್ಟು ಕಾಲ ಸುಮ್ಮನಿದ್ದವರಿಗೆ, ಕಲ್ಲಿಗಲ್ಲ. ಅದರ ಮೇಲೆ ಅವನು ಸತ್ತ ವರ್ಷವೂ ಇದೆ, ಊರು ಅದನ್ನು ನಿಲ್ಲಿಸಿದ ವರ್ಷವೂ ಇದೆ. ಕಳೆಯುವ ಲೆಕ್ಕ ಬಲ್ಲ ಮಗುವಿಗೂ ಊರಿನ ಮರೆವು ಕಾಣುತ್ತದೆ. ಕಲ್ಲೇ ಇರದಿದ್ದರೆ ಸೈನಿಕನೊಂದಿಗೆ ಈ ತಪ್ಪೂ ಮರೆತುಹೋಗುತ್ತಿತ್ತು. ಅವನ ಕಥೆಯಲ್ಲಿ ಎಷ್ಟು ನಿಜ ಎನ್ನುವ ಅನುಮಾನ ಬೇರೆ. ಬಂಕರ್ ಹಿಲ್‌ನಲ್ಲಿ ಬ್ರಿಟಿಷ್ ಮೇಜರ್ ಪಿಟ್ಕೇರ್ನ್‌ನನ್ನು ಹೊಡೆದವನು ಇವನೇ ಎಂಬ ಪ್ರತೀತಿಯನ್ನು ಒಪ್ಪದ ಇತಿಹಾಸಕಾರರಿದ್ದಾರೆ. ಕಲ್ಲಿನಲ್ಲಿ ಆ ಮಾತಿಲ್ಲ. ಆ ವರ್ಷಗಳ ಜೊತೆಗೆ ಹೆಸರು, ಸೈನಿಕ ಎಂಬ ಗುರುತು, ಮೂರು ಕದನಗಳು, ಅಷ್ಟೇ. ಗುರುತಿನ ಕಲ್ಲು ಹೀಗೆಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಹೊಗಳಿಕೆ ಹೆಚ್ಚಾದಷ್ಟೂ ನಂಬಿಕೆ ಕಡಿಮೆಯಾಗುತ್ತದೆ.

ಅವನು ನಮ್ಮವನಲ್ಲವಲ್ಲ ಎನ್ನುವವರೂ ಉಂಟು. ಸಾಮಾನ್ಯ ಸೈನಿಕನಿಗೆ ಕಲ್ಲು ನೆಡುವ ವಿಷಯದಲ್ಲಿ ಕನ್ನಡಿಗರು ಈ ಮಾತು ಆಡಲೇಬಾರದು. ರಾಜರಿಗಷ್ಟೇ ಅಲ್ಲ, ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದವರಿಗೂ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ: ರಜೆಗೆ ಅಜ್ಜನ ಊರಿಗೆ ಹೋದಾಗ ಇಂಥ ಕಲ್ಲನ್ನು ನೀವೂ ನೋಡಿರಬಹುದು. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದು ಬೇಗೂರಿನ, ಸುಮಾರು 900ರ ಕಾಲದ ಶಾಸನದಲ್ಲಿ. ಅದು ಬೆಂಗಳೂರು ಕಾಳಗದಲ್ಲಿ ಸತ್ತವರ ನೆನಪಿಗೆ ಕೆತ್ತಿಸಿದ್ದು. ಸತ್ತವರನ್ನು ನೆನೆಯಲು ಹಾಕಿಸಿದ ಕಲ್ಲು ಒಂದು ಮಹಾನಗರದ ಹೆಸರನ್ನೂ ಉಳಿಸಿಕೊಟ್ಟಿತು.

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಎಷ್ಟೋ ಸೈನಿಕರ ಸಮಾಧಿಗಳಿಗೆ ಇಂದಿಗೂ ಗುರುತಿಲ್ಲ. ಸೇವೆಯ ದಾಖಲೆ ಒದಗಿಸಿದರೆ ಅಂಥ ಸಮಾಧಿಗೆ ಅಮೆರಿಕ ಸರ್ಕಾರವೇ ಉಚಿತವಾಗಿ ಕಲ್ಲು ಕೊಡುತ್ತದೆ. ಖಾಸಗಿ ಸ್ಮಶಾನವಾದರೆ ನಿಲ್ಲಿಸುವ ಖರ್ಚು ಮಾತ್ರ ಕೇಳಿದವರದು. ನೀವು ಅಮೆರಿಕದಲ್ಲಿದ್ದರೆ, ನಿಮ್ಮ ಊರಿನ ಹಳೆಯ ಸ್ಮಶಾನದಲ್ಲಿ ಹಾಗೆ ಯಾರಾದರೂ ಇದ್ದಾರೆಯೇ ಎಂದು ಊರಿನ ಗ್ರಂಥಾಲಯದಲ್ಲಿ ವಿಚಾರಿಸಿ ನೋಡಿ.