ಗಾಲಿಗೆ ಗಾಳಿ ತುಂಬಿದ ಪಶುವೈದ್ಯ

ನಮ್ಮೂರ ಕಡೆ ರಬ್ಬರು ಚಕ್ರದ ಎತ್ತಿನ ಗಾಡಿಗೆ ಡನ್ಲಪ್ ಗಾಡಿ ಎಂದೇ ಹೆಸರು. ಚಕ್ರದ ಮೇಲೆ ಯಾವ ಕಂಪನಿಯ ಮುದ್ರೆಯಿದ್ದರೂ ಅದು ಡನ್ಲಪ್ ಗಾಡಿಯೇ. ಅದು ಗಾಡಿಯ ಒಂದು ಜಾತಿಯೆಂದು ನಾನು ಬಹುಕಾಲ ನಂಬಿದ್ದೆನು. ಅದೊಬ್ಬ ಮನುಷ್ಯನ ಹೆಸರೆಂದೂ, ಆತನು ಪಶುವೈದ್ಯನಾಗಿದ್ದನೆಂದೂ ಓದಿ ತಿಳಿದ ದಿನ ಮನೆಗೆ ಹೋಗಿ ನಮ್ಮ ತಂದೆಯವರಿಗೆ ಹೇಳಿದೆನು. ದನದ ಡಾಕ್ಟರಾದ್ದರಿಂದಲೇ ಎತ್ತಿನ ಹೆಗಲಿನ ನೋವು ಆತನಿಗೆ ತಿಳಿಯಿತೆಂದು ಅವರು ತೀರ್ಮಾನ ಹೇಳಿಬಿಟ್ಟರು. ನಿಜಸಂಗತಿ ಹಾಗಿಲ್ಲ, ಆದರೆ ಅವರ ಮಾತನ್ನು ಅಲ್ಲಗಳೆಯಲು ನನಗೆ ಅಂದು ಮನಸ್ಸಾಗಲಿಲ್ಲ.

ಜಾನ್ ಬಾಯ್ಡ್ ಡನ್ಲಪ್ಪನು 1840ನೆಯ ಇಸವಿ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬ ಹಳ್ಳಿಯಲ್ಲಿ ಒಕ್ಕಲು ಮನೆತನದಲ್ಲಿ ಹುಟ್ಟಿದನು. ದಿನ ತುಂಬುವ ಮೊದಲೇ ಹುಟ್ಟಿದ ಕೂಸೆಂದು ಮನೆಯವರು ಹೇಳುತ್ತಿದ್ದುದರಿಂದ ತನ್ನದು ನಾಜೂಕಾದ ದೇಹವೆಂಬ ಭಾವನೆ ಆತನಲ್ಲಿ ಬೇರೂರಿತು. ಅದೇ ಎಚ್ಚರದಲ್ಲಿ ಎಂಬತ್ತೊಂದು ವರ್ಷ ಬದುಕಿದನು! ಎಡಿನ್‌ಬರೋದಲ್ಲಿ ಪಶುವೈದ್ಯ ವಿದ್ಯೆ ಕಲಿತು, 1867ರಲ್ಲಿ ಐರ್ಲೆಂಡಿಗೆ ಹೋಗಿ, ಕಾಲಕ್ರಮದಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ನೆಲೆಸಿದನು. ಕುದುರೆಗಳ ಕಾಲವದು, ವೃತ್ತಿ ಚೆನ್ನಾಗಿ ನಡೆಯಿತು. ನಲವತ್ತೇಳು ವರ್ಷದವರೆಗೆ ಆತನ ಬಾಳಿನಲ್ಲಿ ಲೋಕಕ್ಕೆ ಹೇಳಬೇಕಾದ ವಿಶೇಷವೇನೂ ಇಲ್ಲ.

ಆತನ ಚಿಕ್ಕ ಮಗನಿಗೆ ಮೂರು ಚಕ್ರದ ಸೈಕಲ್ಲೊಂದಿತ್ತು. ಗಟ್ಟಿ ರಬ್ಬರಿನ ಚಕ್ರ. ಬೆಲ್‌ಫಾಸ್ಟಿನ ಬೀದಿಗಳಿಗೋ ಕಲ್ಲಿನ ಹಾಸು. ಹುಡುಗನಿಗೆ ಮೈ ಕುಲುಕಿಹೋಗುತ್ತಿತ್ತು. 1887ರಲ್ಲಿ ತಂದೆಯು ಮೂರಡಿಗಿಂತ ಸ್ವಲ್ಪ ಅಗಲವಾದ ಮರದ ಬಿಲ್ಲೆಯೊಂದನ್ನು ತೆಗೆದುಕೊಂಡು, ತೆಳು ರಬ್ಬರಿನ ಕೊಳವೆಯನ್ನು ಅದರ ಅಂಚಿಗೆ ಸುತ್ತಿ, ಮೇಲೆ ಬಟ್ಟೆಯನ್ನು ಬಿಗಿದು, ಒಳಗೆ ಗಾಳಿ ತುಂಬಿದನು. ಬಳಿಕ ಸೈಕಲ್ಲಿನ ಚಕ್ರವನ್ನೂ ಈ ಬಿಲ್ಲೆಯನ್ನೂ ಅಂಗಳದಲ್ಲಿ ಒಂದೊಂದಾಗಿ ಉರುಳಿಸಿದನು. ಸೈಕಲ್ಲಿನ ಚಕ್ರವು ಅಂಗಳದ ಕೊನೆ ಮುಟ್ಟದೆ ವಾಲಿ ಬಿದ್ದಿತು. ಗಾಳಿಯ ಬಿಲ್ಲೆಯು ಅಂಗಳವನ್ನೆಲ್ಲ ದಾಟಿ ಕೊನೆಯ ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ ಸ್ಥಳವಿದು. ಮಗನ ಮೈಗೆ ಸುಖವಾಗಲೆಂದು ಹೊರಟವನಿಗೆ ವೇಗ ಸಿಕ್ಕಿತು. ಗಟ್ಟಿಯಾದದ್ದೇ ಬೇಗ ಉರುಳುವುದೆಂದು ಯಾರಾದರೂ ಹೇಳಿಯಾರು. ಆದರೆ ಗಟ್ಟಿ ಚಕ್ರವು ಪ್ರತಿಯೊಂದು ಕಲ್ಲಿನ ಮೇಲೂ ಗಾಡಿಯನ್ನೇ ಎತ್ತಿಹಾಕಬೇಕು. ಆ ಶ್ರಮವೆಲ್ಲ ವ್ಯರ್ಥ. ಗಾಳಿಯ ಚಕ್ರವು ಕಲ್ಲನ್ನು ತನ್ನೊಳಕ್ಕೆ ತುಸು ಒತ್ತಿಸಿಕೊಂಡು ಮುಂದೆ ಸಾಗುತ್ತದೆ. ಮೆತ್ತನೆಯ ನೆಲದಲ್ಲಿ ಅಗಲವಾಗಿ ಊರಿ ಹೂಳದೆ ಹೋಗುತ್ತದೆ. ಇಂದು ಬೆಲ್ಜಿಯಂ, ಹಾಲೆಂಡ್ ದೇಶಗಳಲ್ಲಿ ಚಳಿಗಾಲದಲ್ಲಿ ಕೆಸರು, ಮರಳು, ಹುಲ್ಲುಗಳ ಮೇಲೆ ನಡೆಯುವ ಸೈಕ್ಲೋಕ್ರಾಸ್ ಪಂದ್ಯಗಳಲ್ಲಿ ಸವಾರರು ಟೈರನ್ನು ಆರಿಸುವುದು ಈ ಲೆಕ್ಕದ ಮೇಲೆಯೇ. ದೊಡ್ಡ ಪಂದ್ಯಗಳಲ್ಲಿ 33 ಮಿಲಿಮೀಟರಿಗಿಂತ ಅಗಲದ ಟೈರು ಸಲ್ಲದು. ಆದುದರಿಂದ ಕೆಸರಿಗೆ ಎತ್ತರದ ಗುಬುಟುಗಳುಳ್ಳದ್ದು, ಒಣ ಹುಲ್ಲಿಗೆ ನಯವಾದದ್ದು ಎಂದು ಆರಿಸಿ, ಗಾಳಿಯನ್ನು ಆದಷ್ಟು ಕಡಿಮೆ ಮಾಡುತ್ತಾರೆ. ಅತಿಯಾಗಿ ಇಳಿಸಿದರೆ ಬೇರು ಕಲ್ಲುಗಳಿಗೆ ರಿಮ್ಮೇ ತಾಗುತ್ತದೆ. ಏರಿಸಿದರೆ ಚಕ್ರ ಜಾರುತ್ತದೆ. ಇವರಲ್ಲಿ ಹಲವರು ಇಂದಿಗೂ ಟೈರನ್ನು ರಿಮ್ಮಿಗೆ ಅಂಟಿನಿಂದಲೇ ಅಂಟಿಸುತ್ತಾರೆ. ಡನ್ಲಪ್ಪನ ಮೊದಲ ಟೈರೂ ಹಾಗೆ ಅಂಟಿಸಿದ್ದೇ. ಪಂಕ್ಚರಾದರೆ ಬಿಡಿಸುವುದೇ ದೊಡ್ಡ ಕೆಲಸವಾಗುತ್ತಿತ್ತು. ಆ ಕಷ್ಟ ನೋಡಿಯೇ ಫ್ರಾನ್ಸಿನ ಮಿಶೆಲಿನ್ ಸೋದರರು 1891ರಲ್ಲಿ ಕಳಚಿ ಹಾಕಬಹುದಾದ ಟೈರನ್ನು ಹೊರತಂದರು.

1888ರಲ್ಲಿ ಡನ್ಲಪ್ಪನು ಪೇಟೆಂಟ್ ಪಡೆದನು. ಮರುವರ್ಷ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಆಟದ ಬಯಲಿನಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರನು ಈ ದಪ್ಪ ಟೈರುಗಳ ಸೈಕಲ್ ಹತ್ತಿ ಬಂದಾಗ ನೆರೆದವರು ನಕ್ಕರು; ಆತನು ಗೆದ್ದಮೇಲೆ ನಗೆ ನಿಂತಿತು. ಸೋತವರಲ್ಲಿ ಹಾರ್ವೆ ಡು ಕ್ರಾಸ್ ಎಂಬ ಡಬ್ಲಿನ್ ವರ್ತಕನ ಮಕ್ಕಳೂ ಇದ್ದರು. ಮಕ್ಕಳ ಸೋಲಿನಲ್ಲಿ ತಂದೆಗೆ ವ್ಯಾಪಾರ ಕಂಡಿತು. ಕಂಪನಿ ಹುಟ್ಟಿತು. ಪೇಟೆಂಟನ್ನು ಬಿಟ್ಟುಕೊಟ್ಟ ಡನ್ಲಪ್ಪನಿಗೆ 1,500 ಷೇರುಗಳು ಬಂದವು.

ಅಷ್ಟರಲ್ಲಿ ಸಿಡಿಲೆರಗಿತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವನು 1845ರಲ್ಲಿಯೇ, ಅಂದರೆ ಡನ್ಲಪ್ಪನು ಐದು ವರ್ಷದ ಬಾಲಕನಾಗಿದ್ದಾಗಲೇ, ಗಾಳಿಚಕ್ರಕ್ಕೆ ಪೇಟೆಂಟ್ ಪಡೆದು, ಕುದುರೆಗಾಡಿಗೆ ಹಾಕಿ ಓಡಿಸಿ ತೋರಿಸಿದ್ದನು. ಆಗ ಇಂದಿನಂಥ ಸೈಕಲ್ಲಿರಲಿಲ್ಲ. ಜನ ಅದನ್ನು ಮರೆತಿದ್ದರು. 1890ರಲ್ಲಿ ಡನ್ಲಪ್ಪನ ಪೇಟೆಂಟ್ ಊರ್ಜಿತವಲ್ಲವೆಂದಾಯಿತು.

ಹಾಗಾದರೆ ಡನ್ಲಪ್ಪನ ಕೀರ್ತಿ ಕದ್ದ ಕೀರ್ತಿಯೇ? ನಮ್ಮ ಹಾಸ್ಟೆಲಿನ ಗೆಳೆಯರಲ್ಲಿ ಇದರ ಮೇಲೆ ದೊಡ್ಡ ವಾದವೇ ಆಯಿತು. ಮೊದಲು ಕಂಡವನಿಗೇ ಹೆಸರು ಸಲ್ಲಬೇಕೆಂಬುದು ಅವರ ಪಕ್ಷ. ಥಾಮ್ಸನ್ನನಿಗೆ ಅನ್ಯಾಯವಾಗಿದೆಯೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಡನ್ಲಪ್ಪನು ಆತನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ತನಗೆ ತಿಳಿಯದೆಯೇ ಅದೇ ದಾರಿಯನ್ನು ಇನ್ನೊಮ್ಮೆ ಕಡಿದನು. ಆ ದಾರಿಯಲ್ಲಿ ಲೋಕವು ನಡೆದದ್ದು ಎರಡನೆಯ ಸಲ.

ಹಣವಾದರೂ ಬಂದಿತೇ ಎಂದರೆ, ಅದೂ ಬೇರೆಯವರ ಪಾಲಾಯಿತು. ಡು ಕ್ರಾಸನೊಡನೆ ಹೊಂದಿಕೆಯಾಗದೆ ಡನ್ಲಪ್ಪನು 1895ರಲ್ಲಿ ಕಂಪನಿಯನ್ನು ಬಿಟ್ಟನು. ಮರುವರ್ಷವೇ ಹೂಲಿ ಎಂಬ ಬಂಡವಾಳಗಾರನು ಅದನ್ನು 30 ಲಕ್ಷ ಪೌಂಡಿಗೆ ಕೊಂಡು 50 ಲಕ್ಷಕ್ಕೆ ಮಾರಿದನು. ಡನ್ಲಪ್ಪನು ಡಬ್ಲಿನ್ನಿನಲ್ಲಿ ಬಟ್ಟೆ ಅಂಗಡಿಯೊಂದರ ಪಾಲುದಾರನಾಗಿ ಸದ್ದಿಲ್ಲದೆ ಬಾಳಿದನು.

ಕೊನೆಯ ಕಾಲದಲ್ಲಿ ಇನ್ನೊಂದು ನಡೆಯಿತು. ಆತನ ಹೆಸರನ್ನೇ ಹೊತ್ತ ಕಂಪನಿಯು ಆತನದೆಂದು ಹೇಳಿ ಶೋಕಿಲಾಲನಂತೆ ಟೋಪಿ, ಪೋಷಾಕು ತೊಡಿಸಿದ ಚಿತ್ರಗಳನ್ನು ಜಾಹೀರಾತಿಗೆ ಬಳಸಿತು. ಎಂಬತ್ತರ ಮುದುಕ ಸಹಿಸಲಿಲ್ಲ. ಡನ್ಲಪ್ ಕಂಪನಿಯ ಮೇಲೆ ಡನ್ಲಪ್ಪನೇ ವ್ಯಾಜ್ಯ ಹೂಡಿದನು! ಆ ವ್ಯಾಜ್ಯವನ್ನು ಐರ್ಲೆಂಡಿನ ನ್ಯಾಯಾಲಯವು ವಿಚಾರಿಸಬಹುದೇ ಎಂಬ ಪ್ರಶ್ನೆ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಲಕ್ಷಗಟ್ಟಲೆ ಪೌಂಡು ಕೈತಪ್ಪಿದಾಗ ಹೆಚ್ಚು ಸದ್ದು ಮಾಡದವನು ತನ್ನ ಮುಖಕ್ಕಾಗಿ ಹೋರಾಡಿದನು.

1921ರ ಅಕ್ಟೋಬರ್ 23ರಂದು ಡಬ್ಲಿನ್ನಿನಲ್ಲಿ ಡನ್ಲಪ್ಪನು ತೀರಿಕೊಂಡನು. ಗಾಳಿ ಟೈರಿನ ಕಥೆಯನ್ನು ತಾನೇ ಬರೆದಿಟ್ಟಿದ್ದ ಪುಸ್ತಕವು ಆತನು ಸತ್ತ ಬಳಿಕ ಅಚ್ಚಾಯಿತು. ಉತ್ತರ ಐರ್ಲೆಂಡಿನ ಬ್ಯಾಂಕೊಂದು ಹೊರಡಿಸಿದ ಹತ್ತು ಪೌಂಡಿನ ನೋಟಿನ ಮೇಲೆ ಆತನ ಚಿತ್ರವಿದೆ. ಉದ್ದ ಗಡ್ಡದ, ಗಂಭೀರ ಮುಖದ ಮುದುಕ. ನಮ್ಮ ತಂದೆಯವರಿಗೆ ತೋರಿಸಿದೆನು. ಅವರು ಬಹಳ ಹೊತ್ತು ನೋಡಿ, ದನದ ಡಾಕ್ಟರ ಹಾಗೇ ಇದ್ದಾನೆಂದರು.