ಮುನ್ನುಡಿಯಲ್ಲೇ ನಿಂತ ಗ್ರಂಥ: ಪುನೀತ ನಿಕೋಲಾಸ್ ಸ್ಟೆನೋ

ವಿದ್ವಾಂಸರ ಹಿರಿಮೆಯನ್ನು ಅವರು ಪ್ರಕಟಿಸಿದ ಬರಹಗಳ ಸಂಖ್ಯೆಯಿಂದಲೂ ಅವುಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದರೆಂಬುದರಿಂದಲೂ ಅಳೆಯುವ ಪದ್ಧತಿ ಇಂದು ವಿಶ್ವವಿದ್ಯಾಲಯಗಳಲ್ಲಿ ನೆಲೆಯೂರಿದೆ. ಅದೇ ಅಳತೆಗೋಲನ್ನು ಹಿಡಿದು ಭೂವಿಜ್ಞಾನದ ಆದ್ಯರಲ್ಲೊಬ್ಬರಾದ ನಿಕೋಲಾಸ್ ಸ್ಟೆನೋ ಅವರ ಬಳಿಗೆ ಹೋದರೆ, ಆ ಶಾಸ್ತ್ರದಲ್ಲಿ ಅವರ ಮುಖ್ಯ ಕೃತಿಯೆಂದು ನಮಗೆ ದೊರೆಯುವುದು ಸುಮಾರು 80 ಪುಟಗಳ ಲತೀನ್ ಪುಸ್ತಿಕೆಯೊಂದೇ. ಅದು ಕೂಡ ಮುಂದೆ ಬರೆಯಲಿದ್ದ ದೊಡ್ಡ ಗ್ರಂಥಕ್ಕೆ ಮುನ್ನುಡಿ. ಆ ಗ್ರಂಥ ಬರಲೇ ಇಲ್ಲ.

ಸ್ಟೆನೋ 1638ರಲ್ಲಿ ಕೋಪನ್‌ಹೇಗನ್ನಿನ ಲೂಥರನ್ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಅಕ್ಕಸಾಲಿಗರು. ವೈದ್ಯಶಾಸ್ತ್ರವನ್ನು ಅಭ್ಯಸಿಸಿದ ಅವರು 1660ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ, ಕಿವಿಯ ಬಳಿಯ ಗ್ರಂಥಿಯಿಂದ ಬಾಯಿಗೆ ಜೊಲ್ಲನ್ನು ತರುವ ನಾಳವನ್ನು ಕಂಡುಹಿಡಿದರು. ವೈದ್ಯರು ಈಗಲೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಹೃದಯವು ಸ್ನಾಯುವಲ್ಲದೆ ಬೇರೇನೂ ಅಲ್ಲವೆಂದು 1664ರಲ್ಲಿ ತೋರಿಸಿದರು.

1666ರಲ್ಲಿ ಅವರು ಫ್ಲಾರೆನ್ಸ್ ನಗರದಲ್ಲಿ, ಮೆದಿಚಿ ಮನೆತನದ ಆಶ್ರಯದಲ್ಲಿದ್ದರು. ಆ ವರ್ಷ ಲಿವೋರ್ನೋ ಬಳಿ ಮೀನುಗಾರರು ಹಿಡಿದ ಭಾರೀ ಶಾರ್ಕ್ ಮೀನಿನ ತಲೆಯನ್ನು ಪರೀಕ್ಷೆಗಾಗಿ ಅವರಿಗೆ ಕಳುಹಿಸಲಾಯಿತು. ಅದರ ಹಲ್ಲುಗಳು ಬಂಡೆಗಳಲ್ಲಿ ದೊರೆಯುತ್ತಿದ್ದ 'ನಾಲಗೆಕಲ್ಲು'ಗಳನ್ನೇ ಹೋಲುತ್ತಿದ್ದವು. ಮಾಲ್ಟಾ ದ್ವೀಪದಲ್ಲಿ ಸಂತ ಪೌಲರ ಕೈಗೆ ಹಾವು ಸುತ್ತಿಕೊಂಡ ಪ್ರಸಂಗವನ್ನು ನಾವೆಲ್ಲರೂ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದಿದ್ದೇವೆ. ಅಂದು ಸಂತರು ಶಪಿಸಿದ ಹಾವುಗಳ ನಾಲಗೆಗಳೇ ಈ ಕಲ್ಲುಗಳೆಂದು ಭಕ್ತಜನರು ನಂಬಿದ್ದರು. ಅವು ಪುರಾತನ ಶಾರ್ಕ್‌ಗಳ ಹಲ್ಲುಗಳೆಂಬ ವಾದವನ್ನು ಸ್ಟೆನೋ 1667ರಲ್ಲಿ ಪ್ರಕಟಿಸಿದರು. ಹೀಗೆ ಹೇಳಿದವರಲ್ಲಿ ಅವರೇ ಮೊದಲಿಗರಲ್ಲ. ಫಾಬಿಯೋ ಕೊಲೋನ್ನಾ 1616ರಲ್ಲೇ ಹೇಳಿದ್ದರು. ಆದರೆ ಸಮುದ್ರಜೀವಿಯ ಹಲ್ಲು ಬೆಟ್ಟದ ಕಲ್ಲಿನೊಳಗೆ ಹೇಗೆ ಸೇರಿತು ಎಂಬ ಪ್ರಶ್ನೆಯನ್ನು ಸ್ಟೆನೋ ಬಿಡದೆ ಬೆನ್ನಟ್ಟಿದರು.

ಅದರ ಫಲವೇ 1669ರ ಆ ಪುಸ್ತಿಕೆ. ನೀರಿನಲ್ಲಿದ್ದ ಮಣ್ಣು ತಳಕ್ಕಿಳಿದು ಪದರವಾಗುತ್ತದೆ. ಆದುದರಿಂದ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಪದರಗಳು ಮೊದಲು ಸಮತಲವಾಗಿಯೇ ಇರುತ್ತವೆ. ಓರೆಯಾಗಿ ಕಂಡರೆ ಅವು ಅನಂತರ ಕದಲಿದವು. ಇಂದು ಶಾಲೆಯ ಮಗುವಿಗೂ ಇದು ಸಹಜವೆನಿಸುತ್ತದೆ. ತತ್ತ್ವಶಾಸ್ತ್ರವನ್ನು ಓದಿದ ನಮ್ಮನ್ನು ಹೆಚ್ಚು ಸೆಳೆಯುವುದು ಅವರ ತರ್ಕದ ಕ್ರಮ: ವಸ್ತುವೊಂದು ಎಲ್ಲಿ, ಹೇಗೆ ಉಂಟಾಯಿತೆಂಬುದಕ್ಕೆ ಆ ವಸ್ತುವಿನಲ್ಲಿಯೇ ಸಾಕ್ಷ್ಯವನ್ನು ಹುಡುಕಬೇಕು. ಇತಿಹಾಸವು ಬರಹದಲ್ಲಲ್ಲದೆ ಕಲ್ಲಿನಲ್ಲಿಯೂ ಇದೆಯೆಂದು ಇದರ ಅರ್ಥ. ಅವರು ಆ ಇತಿಹಾಸವನ್ನು ಜಲಪ್ರಳಯದ ಕೆಲವೇ ಸಾವಿರ ವರ್ಷಗಳ ಲೆಕ್ಕದೊಳಗೆ ಅಡಗಿಸಿದ್ದು ನಿಜ. ಆ ಲೆಕ್ಕ ನಿಲ್ಲಲಿಲ್ಲ, ಕ್ರಮ ನಿಂತಿತು.

ಈ ನಡುವೆ ಅವರ ಬಾಳು ಬೇರೆ ದಾರಿಗೆ ಹೊರಳಿತ್ತು. ಲಿವೋರ್ನೋದಲ್ಲಿ ಕಂಡ ಪರಮಪ್ರಸಾದದ ಮೆರವಣಿಗೆ ಅವರ ಮನಸ್ಸನ್ನು ಕಲಕಿತ್ತು. 1667ರ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಅವರು ಕಥೋಲಿಕ ಧರ್ಮಸಭೆಯನ್ನು ಸೇರುವ ನಿರ್ಧಾರಕ್ಕೆ ಬಂದರು. 1675ರಲ್ಲಿ ಗುರುದೀಕ್ಷೆ ಪಡೆದರು. 1677ರಲ್ಲಿ ಧರ್ಮಾಧ್ಯಕ್ಷರಾಗಿ ಹ್ಯಾನೋವರ್‌ಗೆ ತೆರಳಿದರು. ಅಲ್ಲಿದ್ದ ತತ್ತ್ವಜ್ಞಾನಿ ಲೈಬ್ನಿಟ್ಸ್, ಇಂಥ ವಿಜ್ಞಾನಿ ಸಂಶೋಧನೆಯನ್ನು ಕೈಬಿಟ್ಟರಲ್ಲಾ ಎಂದು ಮರುಗಿದರು.

ಆ ಮರುಕವನ್ನು ತಳ್ಳಿಹಾಕಲು ನಮಗೆ ಮನಸ್ಸಾಗದು. ಬರೆಯದೆ ಉಳಿದ ಗ್ರಂಥ ವಿಜ್ಞಾನಕ್ಕೆ ನಷ್ಟವೇ. ದೀಕ್ಷೆಯ ಪುಣ್ಯವನ್ನು ಹೇಳಿ ಆ ನಷ್ಟವನ್ನು ಮುಚ್ಚಬೇಕಾಗಿಲ್ಲ. ಆದರೆ ಸ್ಟೆನೋ ವಿಜ್ಞಾನವನ್ನು ಸುಳ್ಳೆಂದು ತಿಳಿದು ಬಿಟ್ಟವರಲ್ಲ. ಆ ಉತ್ತರದ ನಾಡುಗಳಲ್ಲಿ ಚದುರಿಹೋಗಿದ್ದ ಅಲ್ಪಸಂಖ್ಯಾತ ಕಥೋಲಿಕರಿಗೆ ಕುರುಬನೊಬ್ಬ ಬೇಕಾಗಿದ್ದನು. ಅವರು ಬಿಟ್ಟ ಎಳೆಯನ್ನು ಇತರರು ಹಿಡಿದರು: 1671ರಲ್ಲಿ ಪುಸ್ತಿಕೆಯ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಹೊರಬಂತು, ಲೈಬ್ನಿಟ್ಸರೇ ಭೂಮಿಯ ಕುರಿತು ಬರೆದ, 1749ರಲ್ಲಿ ಅಚ್ಚಾದ ಕೃತಿಯಲ್ಲಿ ಸ್ಟೆನೋ ಅವರ ಪ್ರಭಾವ ಕಾಣುತ್ತದೆ.

ಮ್ಯೂನ್‌ಸ್ಟರ್‌ನಲ್ಲಿ ಸಹಾಯಕ ಧರ್ಮಾಧ್ಯಕ್ಷರಾಗಿದ್ದಾಗ, 1683ರ ಧರ್ಮಾಧ್ಯಕ್ಷರ ಆಯ್ಕೆಯಲ್ಲಿ ಹಣದ ಕೈವಾಡವಿತ್ತೆಂದು ಪ್ರತಿಭಟಿಸಿ ಅವರು ಆ ಊರನ್ನೇ ತೊರೆದರು. ಬಡವರಿಗಾಗಿ ತಮ್ಮ ಉಂಗುರವನ್ನೂ ಶಿಲುಬೆಯನ್ನೂ ಮಾರಿದರು. 1686ರಲ್ಲಿ ಶ್ವೇರಿನ್‌ನಲ್ಲಿ ತೀರಿಕೊಂಡಾಗ ಅವರಿಗೆ 48 ವರ್ಷ. ದೇಹವನ್ನು ಫ್ಲಾರೆನ್ಸಿಗೆ ತಂದು ಸಂತ ಲಾರೆನ್ಸರ ದೇವಾಲಯದಲ್ಲಿ ಸಮಾಧಿ ಮಾಡಲಾಯಿತು. 1881ರಲ್ಲಿ ಬೊಲೊನ್ಯಾದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನದವರು ಅಲ್ಲಿ ಅವರ ಸ್ಮಾರಕ ಫಲಕವನ್ನು ಇರಿಸಿದರು. 1988ರ ಅಕ್ಟೋಬರ್ 23ರಂದು ಜಗದ್ಗುರು ಎರಡನೆಯ ಜಾನ್ ಪಾಲ್ ಅವರನ್ನು ಪುನೀತ ಪದವಿಗೇರಿಸಿದರು. ಅವರ ಸ್ಮರಣೆಯ ದಿನ ಡಿಸೆಂಬರ್ 5.