ಕಿರ್ಚಾಫ್‌ಗೂ ಆಗ ಇಪ್ಪತ್ತೊಂದು

ಸರ್ಕ್ಯೂಟ್ ಅನಾಲಿಸಿಸ್ ನನಗೆ ಎರಡು ಸಲ ಕೈಕೊಟ್ಟಿದೆ. ಮೂರನೇ ಸಲ ಓದಲೆಂದು ಹೊನ್ನಾಳಿಗೆ ಬಂದಾಗ, ಪುಟಪುಟದಲ್ಲೂ ಕಾಡುವ ಈ ಕಿರ್ಚಾಫ್ ಯಾರೆಂದು ಹುಡುಕಿದೆ.

ಗುಸ್ತಾವ್ ಕಿರ್ಚಾಫ್ ಹುಟ್ಟಿದ್ದು 1824ರಲ್ಲಿ, ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ. ಆ ಎರಡು ನಿಯಮಗಳು ಹೊರಬಂದದ್ದು 1845ರಲ್ಲಿ. ನ್ಯೂಮನ್ ಎಂಬ ಪ್ರೊಫೆಸರರ ಸೆಮಿನಾರಿನಲ್ಲಿ ಮಾಡಿದ ಅಭ್ಯಾಸವದು. ಆತ ಇನ್ನೂ ವಿದ್ಯಾರ್ಥಿ, ವಯಸ್ಸು 21. ನನ್ನಷ್ಟೇ! ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು.

ಮೊದಲ ನಿಯಮವನ್ನು ನಾನು ಚಿಕ್ಕಂದಿನಿಂದಲೇ ನೋಡಿದ್ದೆ. ನಮ್ಮೂರಿಗಿಂತ ಮೇಲೆ, ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುತ್ತವೆ. ಎರಡೂ ತಂದಷ್ಟು ನೀರು ತುಂಗಭದ್ರೆಯಾಗಿ ಮುಂದೆ ಸಾಗಲೇಬೇಕು. ನೋಡ್‌ಗೆ ಬಂದ ಕರೆಂಟೂ ಹಾಗೆಯೇ. ಎರಡನೆಯದು ವೋಲ್ಟೇಜಿನದು: ಲೂಪ್ ಸುತ್ತಿ ಹೊರಟಲ್ಲಿಗೇ ಬಂದರೆ ಏರಿದ್ದು, ಇಳಿದದ್ದು ಕೂಡಿ ಸೊನ್ನೆ. ನಾನು ಎಡವುತ್ತಿದ್ದುದು ಇಲ್ಲೇ, ಪ್ಲಸ್ ಮೈನಸ್‌ನಲ್ಲಿ.

ಕಿರ್ಚಾಫ್ ಸರ್ಕ್ಯೂಟಿಗೇ ನಿಲ್ಲಲಿಲ್ಲ. ಹೈಡೆಲ್‌ಬರ್ಗ್‌ನಲ್ಲಿ ಗೆಳೆಯ ಬುನ್ಸೆನ್ ಜೊತೆ ಬೆಳಕನ್ನು ಬಿಡಿಸಿ ನೋಡಿದ. 1859ರಲ್ಲಿ, ಬಿಸಿಲಿನ ವರ್ಣಪಟಲದ ಕಪ್ಪು ಗೆರೆಗಳಿಂದಲೇ ಸೂರ್ಯನಲ್ಲಿ ಸೋಡಿಯಂ ಇದೆಯೆಂದು ತೋರಿಸಿದ. ಸೀಸಿಯಂ, ರುಬಿಡಿಯಂ ಇಬ್ಬರೂ ಸೇರಿ ಕಂಡುಹಿಡಿದವು. ಆಮೇಲೆ ಕಾಲಿಗೆ ಪೆಟ್ಟಾಗಿ ಊರುಗೋಲು, ಗಾಲಿಕುರ್ಚಿಯೇ ಗತಿಯಾಯಿತು. ಪ್ರಯೋಗ ಕಷ್ಟವಾದಾಗ, 1875ರಲ್ಲಿ ಬರ್ಲಿನ್‌ಗೆ ಹೋಗಿ ಸೈದ್ಧಾಂತಿಕ ಭೌತಶಾಸ್ತ್ರ ಕಲಿಸಲು ನಿಂತ. 1887ರಲ್ಲಿ ಅಲ್ಲೇ ತೀರಿಕೊಂಡ.

ಮುಂದಿನ ವಾರ ನನ್ನ ಪರೀಕ್ಷೆ. ಈಗ ಲೆಕ್ಕ ಶುರುಮಾಡುವ ಮೊದಲೇ ಪ್ರತಿ ಲೂಪಿಗೂ ಪೆನ್ಸಿಲ್‌ನಲ್ಲಿ ಬಾಣ ಹಾಕುತ್ತೇನೆ. ನಿನ್ನೆ ಹತ್ತರಲ್ಲಿ ಏಳು ಲೆಕ್ಕ ಸರಿಬಂದವು.